ಮೊಹರು ಹೇಳುವ ಸತ್ಯ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಉದ್ಯೋಗನಿಮಿತ್ತ ಕೊಯಮತ್ತೂರಿನಲ್ಲಿ ನೆಲೆಸಿರುವ ನನ್ನನ್ನು ಕರೆದು, ಹವ್ಯಾಸದ ಕುರಿತು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆ ಮಾಡಿದ್ದೀರಿ. ಕೊಯಮತ್ತೂರು, ತಿರುಪ್ಪೂರು ಸೀಮೆಯ ಕೆಲವರು ಸಮಾನಾಸಕ್ತರು ಸೇರಿ ಬಾಹ್ಯಾಕಾಶ ಯಾನಗಳ ಸ್ಮರಣೆಗಾಗಿ ಅಂಚೆ ಲಕೋಟೆಗಳನ್ನು ಸಿದ್ಧಪಡಿಸುತ್ತೇವೆ. ಒಬ್ಬರು ಚಿತ್ರ ಬರೆಯುತ್ತಾರೆ, ಒಬ್ಬರು ಅಚ್ಚು ಹಾಕಿಸುತ್ತಾರೆ, ಒಬ್ಬರು ಅಂಚೆ ಕಚೇರಿಗೆ ಓಡುತ್ತಾರೆ. ಕೆಲಸ ಚಿಕ್ಕದು, ಅದು ಕಲಿಸುವ ಪಾಠ ಚಿಕ್ಕದಲ್ಲ.

ಇಂಥ ಲಕೋಟೆಯ ಮೇಲೆ ಎರಡು ಸಾಕ್ಷಿಗಳಿರುತ್ತವೆ. ಎಡಭಾಗದಲ್ಲಿ ನಾವು ಅಚ್ಚು ಹಾಕಿಸಿದ ಚಿತ್ರ ಹಾಗೂ ಬರೆಹ; ಬಲಭಾಗದಲ್ಲಿ ಅಂಚೆ ಚೀಟಿಯ ಮೇಲೆ ಬಿದ್ದ ಅಂಚೆ ಕಚೇರಿಯ ಮೊಹರು. ಮೊದಲನೆಯದು ನಮ್ಮ ಮಾತು, ಎರಡನೆಯದು ಸರಕಾರದ ಮಾತು. ಎಂದು, ಎಲ್ಲಿ ಎಂಬುದನ್ನು ಮೊಹರು ಹೇಳುತ್ತದೆ. ಉಡಾವಣೆಯ ದಿನವೇ ಮೊಹರು ಬಿದ್ದಿರಬೇಕು; ಅದು ಶ್ರೀಹರಿಕೋಟದಂತಹ ಉಡಾವಣಾ ಸ್ಥಳದ್ದೇ ಆಗಿದ್ದರೆ ಲಕೋಟೆಗೆ ಹೆಚ್ಚಿನ ಬೆಲೆ. ವಿಶೇಷ ಮೊಹರು ಬೇಕೆಂದರೆ ಅಂಚೆ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು.

ಎರಡು ಸಾಕ್ಷಿಗಳ ಮಾತು ಎಲ್ಲ ಸಲವೂ ಹೊಂದುವುದಿಲ್ಲ. ಚಂದ್ರಯಾನ-2 ಹೊರಡಬೇಕಿದ್ದುದು 2019ರ ಜುಲೈ 15ರಂದು. ಇನ್ನು 56 ನಿಮಿಷಗಳಿವೆ ಎನ್ನುವಾಗ ಉಡಾವಣೆಯನ್ನು ತಡೆಹಿಡಿಯಲಾಯಿತು. ಅದು ಹೊರಟದ್ದು ಜುಲೈ 22ರಂದು. ಮೊದಲ ದಿನಾಂಕವನ್ನೇ ಅಚ್ಚು ಹಾಕಿಸಿಕೊಂಡವನ ಲಕೋಟೆ ವ್ಯರ್ಥವೇ? ಅಲ್ಲ. ಅಂದು ಉಡಾವಣೆ ನಡೆಯಲಿಲ್ಲ ಎಂಬುದೂ ಇತಿಹಾಸವೇ. ಹಾಗೆಯೇ ಪಿಎಸ್‌ಎಲ್‌ವಿ-ಸಿ51 ರಾಕೆಟ್ಟು ಏರಿದ 2021ರ ಫೆಬ್ರವರಿ 28 ಭಾನುವಾರ, ಸಾಮಾನ್ಯ ಅಂಚೆ ಕಚೇರಿಗಳಿಗೆ ರಜೆ. ಅದರಲ್ಲಿ ಕೊಯಮತ್ತೂರಿನ ಶ್ರೀ ಶಕ್ತಿ ಇಂಜಿನಿಯರಿಂಗ್ ಕಾಲೇಜಿನ ಪುಟ್ಟ ಉಪಗ್ರಹವೂ ಇತ್ತು. ಸೋಮವಾರದ ಮೊಹರು ಸಿಕ್ಕಿದರೆ ಅದನ್ನು ಸೋಮವಾರದ್ದೆಂದೇ ಬರೆದಿಡಬೇಕು. ಹಿಂದಿನ ದಿನಾಂಕ ಹಾಕಿಕೊಡಿ ಎಂದು ಗುಮಾಸ್ತರಲ್ಲಿ ಬೇಡುವುದು ಹವ್ಯಾಸವಲ್ಲ, ವಂಚನೆ.

ಈ ವಂಚನೆಯ ಆಸೆ ಚಂದ್ರನವರೆಗೂ ಹೋಗಿದೆ. 1971ರಲ್ಲಿ ಅಪೊಲೊ-15ರ ಯಾತ್ರಿಕರು ಸುಮಾರು 400 ಲಕೋಟೆಗಳನ್ನು ಅನುಮತಿಯಿಲ್ಲದೆ ಕೊಂಡೊಯ್ದರು. ಅವುಗಳಲ್ಲಿ ನೂರು ಒಬ್ಬ ವ್ಯಾಪಾರಿಯ ಕೈಸೇರಿ ಮಾರಾಟವಾದವು. ವಿಷಯ ಹೊರಬಿದ್ದಾಗ ಚಂದ್ರನನ್ನು ಮುಟ್ಟಿಬಂದವರೂ ಛೀಮಾರಿಗೆ ಗುರಿಯಾದರು. ಅದಕ್ಕೆ ಎರಡು ವರ್ಷ ಮೊದಲು, ಅಪೊಲೊ-11ರ ಮೂವರು ಯಾತ್ರಿಕರು ಹೊರಡುವ ಮುನ್ನ ಕೆಲವು ಲಕೋಟೆಗಳಿಗೆ ಸಹಿ ಹಾಕಿ ಮನೆಯವರಿಗೆ ಬಿಟ್ಟುಹೋಗಿದ್ದರು. ತಾವು ಮರಳದಿದ್ದರೆ ಅವನ್ನು ಮಾರಿ ಸಂಸಾರ ಸಾಗಲೆಂಬುದು ಅವರ ಲೆಕ್ಕ. ಒಂದೇ ಬಗೆಯ ಕಾಗದ. ಒಂದರಲ್ಲಿ ಲೋಭ, ಮತ್ತೊಂದರಲ್ಲಿ ಮಡದಿ ಮಕ್ಕಳ ಚಿಂತೆ.

ನಮ್ಮ ದೇಶಕ್ಕೆ ಬರೋಣ. ಅಂಚೆಗೂ ರಾಕೆಟ್ಟಿಗೂ ಇಲ್ಲಿ ಹಳೆಯ ನಂಟು. ಸ್ಟೀಫನ್ ಸ್ಮಿತ್ ಎಂಬ ಉತ್ಸಾಹಿ 1934ರಿಂದ ಹತ್ತು ವರ್ಷ, ಬಂಗಾಳ, ಸಿಕ್ಕಿಂ ಮೊದಲಾದೆಡೆ ರಾಕೆಟ್ಟುಗಳಲ್ಲಿ ಕಾಗದಗಳನ್ನು ಹಾರಿಸಿದನು; 1935ರಲ್ಲಿ ಒಂದು ಹುಂಜವನ್ನೂ ಒಂದು ಹೇಂಟೆಯನ್ನೂ ನದಿ ದಾಟಿಸಿದನು. ಭಾರತೀಯ ಅಂಚೆಯು 1992ರಲ್ಲಿ ಅವನ ನೆನಪಿಗೆ ಅಂಚೆ ಚೀಟಿ ಹೊರಡಿಸಿತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಏರಿತು. ಮರುದಿನವೇ ಅದರ ಅಂಚೆ ಚೀಟಿ ಹೊರಬಂತು.

ನಾವು ಗೆದ್ದ ದಿನಗಳ ಲಕೋಟೆಗಳು ಎಲ್ಲರ ಬಳಿ ಇರುತ್ತವೆ. ಸೋತ ದಿನಗಳದ್ದು ಅಪರೂಪ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿತ್ತು; 1980ರ ಜುಲೈ 18ರಂದು ಅದೇ ಮಾದರಿಯ ವಾಹನ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. 1993ರಲ್ಲಿ ಪಿಎಸ್‌ಎಲ್‌ವಿಯ ಮೊದಲ ಪ್ರಯತ್ನ ವಿಫಲವಾಗಿ 1994ರಲ್ಲಿ ಎರಡನೆಯದು ಫಲಿಸಿತು. ಎರಡೂ ಲಕೋಟೆಗಳನ್ನು ಒಂದೇ ಹಾಳೆಯಲ್ಲಿ ಅಂಟಿಸಿ ಮಗುವಿಗೆ ತೋರಿಸಿ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದು ಕಂಗೆಟ್ಟ ಮಗುವಿಗೆ ನಮ್ಮ ಉಪದೇಶಕ್ಕಿಂತ ಆ ಹಾಳೆಯೇ ಹೆಚ್ಚು ಹೇಳೀತು.

ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿಯ ಬಳಿ ಕೋದವಾಡಿ ಎಂಬ ಹಳ್ಳಿಯಿದೆ. ಅಲ್ಲಿ ಹುಟ್ಟಿ, ತಮಿಳು ಮಾಧ್ಯಮದ ಸರಕಾರಿ ಶಾಲೆಗಳಲ್ಲಿ ಓದಿದ ಮಯಿಲ್‌ಸ್ವಾಮಿ ಅಣ್ಣಾದುರೈ ಅವರು, 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರ ಯೋಜನಾ ನಿರ್ದೇಶಕರಾದರು. ಮನೆಮಾತಿನಲ್ಲಿ ಓದಿದರೆ ಮಗು ಹಿಂದೆ ಬೀಳುತ್ತದೆಯೇ ಎಂಬ ಚಿಂತೆ ಈ ಸಭೆಯ ಅನೇಕ ತಾಯಿತಂದೆಯರಲ್ಲಿದೆ. ಅವರಿಗೆ ಈ ಒಂದು ಹೆಸರು ಸಾಕು.

ನಮ್ಮ ಸೀಮೆಯ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೇಕಾರ ದೇವಾಂಗರೂ ಒಕ್ಕಲಿಗರೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುತ್ತಾರೆ. ಆದರೆ ಅವರ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಲಿಪಿ ಬಾರದು. ಬರೆಯುವುದು ತಮಿಳು ಇಲ್ಲವೆ ಇಂಗ್ಲಿಷ್. ಅಕ್ಷರ ಹೋದ ಮೇಲೆ ಮಾತು ಎಷ್ಟು ಕಾಲ ನಿಂತೀತು? ಇದಕ್ಕೆ ದೊಡ್ಡ ಪರಿಹಾರ ನನ್ನಲ್ಲಿಲ್ಲ. ಒಂದು ಸಣ್ಣ ಸೂಚನೆಯಿದೆ.

ನಮ್ಮ ಶಾಲೆಯಲ್ಲಿ ಒಂದು ಅಂಚೆ ಹವ್ಯಾಸ ಸಂಘ ಹುಟ್ಟಲಿ. ಮುಂದಿನ ಯಾವುದೇ ಉಡಾವಣೆಗೆ ಮಕ್ಕಳೇ ಚಿತ್ರ ಬರೆದು, ಕನ್ನಡದಲ್ಲಿ ಯಾನದ ಹೆಸರು ಬರೆದು ಲಕೋಟೆ ಮಾಡಲಿ. ಸಂಗ್ರಾಹಕರ ಲಕೋಟೆಗಳು ಬಹುಮಟ್ಟಿಗೆ ಖಾಲಿ, ನಮ್ಮದು ಖಾಲಿಯಿರಬಾರದು. ಒಳಗೆ ದೊಡ್ಡ ಅಕ್ಷರಗಳಲ್ಲಿ ಬರೆದ ಒಂದು ಪುಟದ ಕನ್ನಡ ಕಾಗದವಿರಲಿ. ಅದನ್ನು ಕೊಯಮತ್ತೂರು ಸೀಮೆಯ ಕನ್ನಡ ಮನೆಗಳ ಮಕ್ಕಳಿಗೆ ಕಳುಹಿಸಿ. ಅಜ್ಜಿಯ ಬಾಯಲ್ಲಿ ಕೇಳಿದ ಮಾತು ಅಕ್ಷರವಾಗಿ ಮನೆಯ ಬಾಗಿಲಿಗೆ ಬಂದರೆ ಓದುವ ಆಸೆ ತಾನಾಗಿ ಹುಟ್ಟುತ್ತದೆ. ಹಂಚುವ ಹೊಣೆ ನಮ್ಮ ಗೆಳೆಯರ ಬಳಗದ್ದು.

ಪೋಷಕರ ಗಮನಕ್ಕೆ ಒಂದು ಮಾತು: 6ರಿಂದ 9ನೆಯ ತರಗತಿಯ ಮಕ್ಕಳಿಗಾಗಿ ಅಂಚೆ ಇಲಾಖೆ 2017ರಲ್ಲಿ ದೀನದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಈ ಹವ್ಯಾಸದಲ್ಲಿ ತೊಡಗಿ ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ. ಶಾಲೆಯಲ್ಲಿ ಸಂಘವಿದ್ದರೆ ಮಕ್ಕಳ ದಾರಿ ಸುಲಭವಾಗುತ್ತದೆ.

ಮಕ್ಕಳೆ, ಇಂದು ಸುದ್ದಿ ಕ್ಷಣದಲ್ಲಿ ಬಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ. ಮೊಹರು ಬಿದ್ದ ಲಕೋಟೆಯನ್ನು ಮಾತ್ರ ಯಾರೂ ತಿದ್ದಲಾರರು. ಈ ಶಾಲೆಯ ಇನ್ನೂರನೆಯ ವರ್ಷದಲ್ಲಿ ಯಾರೋ ಒಬ್ಬರು ಅದನ್ನು ತೆರೆದಾಗ, ಅಂದು ಏನಾಯಿತು ಎಂಬುದು ನಿಮ್ಮ ಕೈಬರಹದಲ್ಲಿ, ಕನ್ನಡದಲ್ಲಿ ತಿಳಿಯಲಿ.