ನಲ್ಲಿ ಯಾಕೆ ಗುಂಡಿಗಿಳಿಯಿತು?

ಮಕ್ಕಳೇ, ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಬೀದಿಯ ಕೊನೆಮನೆಯವರ ನಲ್ಲಿ ನೆಲದ ಮೇಲೆ ಇರುವುದೇ ಇಲ್ಲ. ಮೂರಡಿ ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ತಳದಲ್ಲಿ ನಲ್ಲಿ ಕೂರಿಸಿರುತ್ತಾರೆ. ಬಿಂದಿಗೆಯನ್ನು ಒಳಗಿಳಿಸಬೇಕು, ತುಂಬಿದ ಮೇಲೆ ಸೊಂಟ ಬಗ್ಗಿಸಿ ಎತ್ತಬೇಕು. ಇಷ್ಟು ಪಾಡು ಯಾರಿಗೆ ಬೇಕಿತ್ತು?

ಬಯಲುಸೀಮೆಯದೇ ಊರಾದ ಪರಶುರಾಂಪುರದವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಪಕ್ಕದಲ್ಲೇ ವೇದಾವತಿ ನದಿ ಇದ್ದರೂ ವರ್ಷದ ಹೆಚ್ಚು ದಿನ ಕಾಣುವುದು ಮರಳೇ. ಹಾಗಾಗಿ ಬೋರ್‌ವೆಲ್ ನೀರೇ ಗತಿ. ಅದನ್ನು ಓವರ್‌ಹೆಡ್ ಟ್ಯಾಂಕಿಗೆ ಏರಿಸಲು ಮೋಟರ್ ಬೇಕು, ಅಲ್ಲಿಂದ ನಿಮ್ಮ ಮನೆಗೆ ಇಳಿಯಲು ಬೇಡ. ಭೂಮಿಯ ಸೆಳೆತವೇ ಆ ಕೆಲಸ ಮಾಡುತ್ತದೆ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ, ನಲ್ಲಿ ಮುಚ್ಚಿರುವಾಗ ಅದರ ಬಾಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. ನಿಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಸೇರಿಗೂ ಹೆಚ್ಚು ಶೇಂಗಾ ಕೂತಂತೆ!

ನಲ್ಲಿ ತಿರುಗಿಸಿ ನೀರು ಓಡತೊಡಗಿತೋ, ಲೆಕ್ಕ ಬದಲಾಯಿತು. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಇಕ್ಕಟ್ಟಿನ ಓಣಿ ಹೊಕ್ಕಿದ್ದೀರಾ? ಗೋಡೆಗೆ ಉಜ್ಜಿಕೊಂಡು, ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಬರುವಷ್ಟರಲ್ಲಿ ಅರ್ಧ ಶಕ್ತಿ ಹೋಗಿರುತ್ತದೆ. ಪೈಪಿನಲ್ಲಿ ನೀರಿನ ಪಾಡೂ ಅದೇ. ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ಹರಿಸಿದರೆ ತಿಕ್ಕಾಟಕ್ಕೆ ಕಳೆದುಹೋಗುವ ಒತ್ತಡ ಹೆಚ್ಚೂಕಡಿಮೆ ನಾಲ್ಕು ಪಟ್ಟು. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ನುಗ್ಗಿಸಿದರೋ, ಸುಮಾರು 32 ಪಟ್ಟು! ದುಡ್ಡು ಉಳಿಸಲು ಸಣ್ಣ ಪೈಪು ತಂದವರಿಗೆ ಈ ಲೆಕ್ಕ ತೋರಿಸಬೇಕು.

ಈಗ ಗುಂಡಿಯ ಗುಟ್ಟು ತಿಳಿಯಿತಲ್ಲ? ಬೀದಿಯ ಎಲ್ಲ ನಲ್ಲಿಗಳೂ ತೆರೆದಿರುವ ಹೊತ್ತಲ್ಲಿ ಕೊನೆಮನೆಗೆ ಉಳಿಯುವುದು ಮೀಟರಿನಷ್ಟು ಎತ್ತರದ ಒತ್ತಡ ಎಂದುಕೊಳ್ಳಿ. ನಲ್ಲಿಯನ್ನು ಮೂರಡಿ ಇಳಿಸಿದರೆ ಹೆಚ್ಚೂಕಡಿಮೆ ಇನ್ನೊಂದು ಮೀಟರು ಸಿಕ್ಕಂತೆ. ಶಾಲೆ ಕಲಿಯದ ಅಜ್ಜಿಯೂ ಕಂಡುಕೊಂಡ ಭೌತಶಾಸ್ತ್ರ ಇದು. ಆದರೆ ಪಕ್ಕದವರೂ ತೋಡುತ್ತಾರೆ, ಅವರ ಪಕ್ಕದವರೂ. ಆಮೇಲೆ ಎಲ್ಲರಿಗೂ ಗುಂಡಿಯೇ, ನೀರು ಮಾತ್ರ ಮೊದಲಿನಷ್ಟೇ. ಮೇಲಾಗಿ, ನೀರು ನಿಂತಾಗ ಖಾಲಿ ಪೈಪು ಗುಂಡಿಯ ಕೊಳಕು ನೀರನ್ನು ಒಳಗೆಳೆದುಕೊಳ್ಳಬಹುದು.

ಗುಂಡಿಗಿಂತ ಒಳ್ಳೆಯ ಉಪಾಯ ಊರಿಗೆ ನೀರು ಬಿಡುವ ನೀರುಗಂಟಿಯ ಕೈಯಲ್ಲಿದೆ. ಟ್ಯಾಂಕಿನ ಹತ್ತಿರದ ಬೀದಿಯ ವಾಲ್ವನ್ನು ಆತ ಪೂರ್ತಿ ತೆರೆಯುವುದಿಲ್ಲ, ಕೆಲವೇ ಸುತ್ತು ತಿರುಗಿಸಿ ಬಿಡುತ್ತಾನೆ. ಆ ಸಣ್ಣ ಸಂದಿಯಲ್ಲಿ ಒತ್ತಡ ಬೇಕೆಂದೇ ಕರಗುತ್ತದೆ, ಹತ್ತಿರದವರು ಹೆಚ್ಚು ಎಳೆದುಕೊಳ್ಳಲಾರರು, ದೂರದ ಬೀದಿಗೂ ಪಾಲು ಸಿಗುತ್ತದೆ. ಹತ್ತಿರದವರು ಬೈಯುವುದು ಮಾತ್ರ ತಪ್ಪಿದ್ದಲ್ಲ.

ಒತ್ತಡ ಕಡಿಮೆಯಾದರೆ ಜಗಳ, ಹೆಚ್ಚಾದರೆ ಪೈಪೇ ಒಡೆಯುತ್ತದೆ. ವಿಜಯಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಪೈಪುಗಳು ಮಣ್ಣಿನವು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬಿನಿಂದ ಊರೊಳಗೆ ನೀರು ಇಳಿದು ಬರುತ್ತಿತ್ತು. ಪೈಪು ಸಿಡಿಯದಿರಲೆಂದು ದಾರಿಯಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ನಿಲ್ಲಿಸಿದರು. ನೀರು ಗೋಪುರದೊಳಗೆ ಏರಿ, ಗಾಳಿಗೆ ತೆರೆದುಕೊಂಡು, ಹೆಚ್ಚಿನ ಒತ್ತಡ ಕಳೆದುಕೊಂಡು ಮುಂದೆ ಸಾಗುತ್ತಿತ್ತು. ಹೂಳೂ ಅಲ್ಲೇ ತಳ ಸೇರುತ್ತಿತ್ತು. ಕೆಲವು ಗಂಜ್‌ಗಳು ಇಂದಿಗೂ ಆ ಊರಲ್ಲಿ ನಿಂತಿವೆ, ಹೋದಾಗ ಗೋಳಗುಮ್ಮಟದ ಜೊತೆ ಅವನ್ನೂ ನೋಡಿ ಬನ್ನಿ.

ಅದಕ್ಕೆ ಮೊದಲು ಒಂದು ಕೆಲಸ. ನಾಳೆ ನೀರು ಬಿಟ್ಟಾಗ ಟ್ಯಾಂಕಿನ ಹತ್ತಿರದ ಮನೆಯಲ್ಲೂ ಬೀದಿಯ ಕೊನೆಮನೆಯಲ್ಲೂ ಒಂದೇ ಅಳತೆಯ ಬಿಂದಿಗೆ ಇಡಿ, ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಿ. ಆಮೇಲೆ ಆ ಚೀಟಿಯನ್ನು ನೀರುಗಂಟಿ ಮಾಮನ ಕೈಗೆ ಕೊಟ್ಟು, ವಾಲ್ವ್ ಎಷ್ಟು ಸುತ್ತು ತಿರುಗಿಸಿದಿರಿ ಎಂದು ಕೇಳಿ.