ಪರದೇಶಕ್ಕೆ ಹೊರಡುವ ಮುನ್ನ
(ರಾಣೇಬೆನ್ನೂರಿನಲ್ಲಿ ಸಂಸ್ಥೆಯ ಸದಸ್ಯರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ನಮ್ಮ ಕಡೆಯಿಂದ ಪರದೇಶಕ್ಕೆ ಹೋಗುವವರೆಂದರೆ ಹಜ್ಜಿಗೆ ಹೊರಟ ಹಿರಿಯರು, ಇಲ್ಲವೆ ದುಡಿಯಲು ಕೊಲ್ಲಿ ದೇಶಗಳಿಗೆ ಹೊರಟ ಹುಡುಗರು. ಈಗ ರಜೆ ಬಂದರೆ ಮಕ್ಕಳುಮರಿ ಸಮೇತ ದುಬೈ ನೋಡಿಕೊಂಡು ಬರುವವರಿದ್ದಾರೆ, ಮನೆಮಂದಿಯೆಲ್ಲ ಕೂಡಿ ಉಮ್ರಾಕ್ಕೆ ಹೋಗುವವರಿದ್ದಾರೆ. ಸಂತೋಷದ ವಿಷಯ. ಆದರೆ ಮಗಳ ಮದುವೆಗೆ ಆರು ತಿಂಗಳು ಮೊದಲೇ ಓಡಾಡುವ ನಾವು, ಇಷ್ಟು ದೊಡ್ಡ ಪ್ರಯಾಣವನ್ನು ಏಜೆಂಟನ ಕೈಗೆ ಕೊಟ್ಟು ಸುಮ್ಮನೆ ಕೂರುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಅವಧಿ ಮುಗಿಯಲು ಕನಿಷ್ಠ ಆರು ತಿಂಗಳಾದರೂ ಉಳಿದಿರಬೇಕು. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ವಿಮಾನ ಹತ್ತಿಸದೆ ವಾಪಸು ಕಳಿಸಬಹುದು. ಎರಡನೆಯದು ಹೆಸರು. ನಮ್ಮಲ್ಲಿ ಎಷ್ಟೋ ಮಂದಿಗೆ ಒಂದೇ ಹೆಸರು, ಮನೆತನದ ಹೆಸರಿನ ಜಾಗ ಖಾಲಿ. 2022ರ ನವೆಂಬರಿನಲ್ಲಿ ಯುಎಇ ಸರಕಾರ ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದಿತು. ಆಮೇಲೆ, ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆಂದು ಸ್ವಲ್ಪ ಸಡಿಲಿಸಿತು. ಆದರೂ ಹೆಸರನ್ನು ಎರಡು ಭಾಗವಾಗಿ ಸರಿಪಡಿಸಿಕೊಳ್ಳುವುದೇ ಕ್ಷೇಮ. ನಮಗೆ ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಕಾಗುಣಿತ ಇದೆಯೇ ಎಂದು ಇವತ್ತೇ ನೋಡಿಕೊಳ್ಳಲಿ.

ಬೆಂಗಳೂರಿನಿಂದ ವಿಮಾನವಿದ್ದರೆ, ಅದೇ ದಿನ ಬೆಳಿಗ್ಗೆ ಮುಟ್ಟುವ ರೈಲನ್ನು ನೆಚ್ಚಬೇಡಿ. ಒಂದು ದಿನ ಮೊದಲೇ ಹೋಗಿ ತಂಗಿರಿ. ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಇರಬೇಕು. ಕೌಂಟರು ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ಈಗ ಗಂಟುಮೂಟೆಯ ಮಾತು. ತಾಯಂದಿರು ಇದನ್ನು ಸ್ವಲ್ಪ ಲಕ್ಷ್ಯಗೊಟ್ಟು ಕೇಳಬೇಕು. ದುಬೈಯಲ್ಲಿರುವ ಮಗನಿಗೆ, ತಮ್ಮನಿಗೆ ಪ್ರೀತಿಯಿಂದ ಏನೇನೋ ಕಟ್ಟಿಕೊಡುತ್ತೀರಿ. ಪಾಯಸಕ್ಕೆ ಹಾಕುವ ಗಸಗಸೆಯನ್ನು ಮಾತ್ರ ಇಡಲೇಬೇಡಿ. ಅಫೀಮಿನ ಗಿಡದ ಬೀಜ ಅದು. ನಮಗೆ ಅಡಿಗೆಯ ಸಾಮಾನು, ಯುಎಇಯಲ್ಲಿ ಮಾದಕ ವಸ್ತುವಿನ ಸಾಲಿಗೆ ಸೇರಿದ ನಿಷಿದ್ಧ ಪದಾರ್ಥ. ಮಸಾಲೆ ಪುಡಿಯಲ್ಲಿ ಕುಟ್ಟಿ ಹಾಕಿದ್ದರೂ ಅಷ್ಟೇ. ಎಲೆಅಡಿಕೆ, ಗುಟಕಾ ಬೇಡವೇ ಬೇಡ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿ ಹೆಸರು ದೂರ ಹೋಗಿದೆ ನಿಜ, ಆದರೆ ಅದರ ಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಭದ್ರತಾ ಸಿಬ್ಬಂದಿ ಬಿಡುವುದಿಲ್ಲ. ಗಟ್ಟಿಯಾಗಿ ಕಟ್ಟಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಒಣ ಕೊಬ್ಬರಿ ಎರಡರಲ್ಲೂ ಬೇಡ, ಅದರ ಎಣ್ಣೆಯಿಂದ ಬೆಂಕಿಯ ಭಯ. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತಿರುಗಾಮುರುಗಾ, ಅದು ಕೈಚೀಲದಲ್ಲೇ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಗುಳಿಗೆಗಳನ್ನು ಡಾಕ್ಟರ ಚೀಟಿ ಸಮೇತ ಜೊತೆಗಿಟ್ಟುಕೊಳ್ಳಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಎಂಬ ನೋವಿನ ಗುಳಿಗೆ ಅಲ್ಲಿ ಅನುಮತಿಯಿಲ್ಲದೆ ಒಯ್ಯುವಂತಿಲ್ಲ.

ಊರಿನವರು ಯಾರಾದರೂ "ಕಾಕಾ, ಇದೊಂದು ಸಣ್ಣ ಪಾಕೀಟು ನಮ್ಮ ಹುಡುಗನಿಗೆ ಮುಟ್ಟಿಸ್ರಿ" ಎಂದರೆ, ಅವರ ಎದುರಿಗೇ ಬಿಚ್ಚಿ ನೋಡಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನಿಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿದ್ದಕ್ಕೆ ಉತ್ತರ ಹೇಳಬೇಕಾದವರು ನೀವೇ.

ಇನ್ನು ವೀಸಾ. ಯಾವ ಕೆಲಸಕ್ಕೆ ಹೊರಟಿದ್ದೀರೋ ಅದಕ್ಕೇ ಆದ ವೀಸಾ ಬೇಕು. 2024ರ ಜೂನ್ ತಿಂಗಳ ಹಜ್‌ನಲ್ಲಿ ಮಕ್ಕಾದ ಉಷ್ಣಾಂಶ 50 ಡಿಗ್ರಿ ದಾಟಿತ್ತು. 1,300ಕ್ಕೂ ಹೆಚ್ಚು ಮಂದಿ ತೀರಿಹೋದರು. ಅವರಲ್ಲಿ ಹೆಚ್ಚಿನವರು ಹಜ್ ಪರವಾನಗಿ ಇಲ್ಲದೆ ಹೋದವರೆಂದು ಸೌದಿ ಸರಕಾರವೇ ಹೇಳಿತು. ಪರವಾನಗಿ ಇಲ್ಲದವರಿಗೆ ತಂಪು ಡೇರೆಯಿಲ್ಲ, ಬಸ್ಸಿಲ್ಲ, ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯಬೇಕು. ವಿಸಿಟ್ ವೀಸಾದಲ್ಲೇ ಅಗ್ಗದಲ್ಲಿ ಹಜ್ ಮಾಡಿಸುತ್ತೇನೆನ್ನುವ ಏಜೆಂಟನಿಂದ ದೂರವಿರಿ. ಉಮ್ರಾಕ್ಕೆ ಹೋಗುವವರು ಮೆನಿಂಜೈಟಿಸ್ ಚುಚ್ಚುಮದ್ದನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು.

2025ರ ನವೆಂಬರ್ 17ರಂದು ಮದೀನಾದ ಹತ್ತಿರ ಬಸ್ಸಿಗೆ ಟ್ಯಾಂಕರ್ ಡಿಕ್ಕಿಯಾಗಿ 45 ಉಮ್ರಾ ಯಾತ್ರಿಕರು ಬೆಂಕಿಯಲ್ಲಿ ಬಲಿಯಾದರು. ಹೆಚ್ಚಿನವರು ಹೈದರಾಬಾದಿನವರು, ಒಂದೇ ಮನೆತನದ ಹಲವರು ಅದರಲ್ಲಿದ್ದರು. ವಿಧಿಯನ್ನು ತಪ್ಪಿಸುವ ಉಪಾಯ ನನ್ನಲ್ಲಿಲ್ಲ. ಆದರೆ ಮನೆಯಲ್ಲಿ ಉಳಿದವರ ಕೈಯಲ್ಲಿ ಏನಿರಬೇಕೆಂದು ಹೇಳಬಲ್ಲೆ: ಪ್ರತಿಯೊಬ್ಬರ ಪಾಸ್‌ಪೋರ್ಟ್, ವೀಸಾಗಳ ಜೆರಾಕ್ಸ್, ವಿಮಾನ ಹಾಗೂ ವಸತಿಗೃಹದ ವಿವರ, ಗುಂಪಿನ ಮುಖ್ಯಸ್ಥನ ನಂಬರು, ಪ್ರವಾಸ ವಿಮೆಯ ಕಾಗದ. ವಿಮೆ ದಂಡ ಎನ್ನಬೇಡಿ, ಪರದೇಶದ ಆಸ್ಪತ್ರೆಯ ಬಿಲ್ಲು ಇಲ್ಲಿ ಹೊಲ ಮಾರಿಸುತ್ತದೆ. ದೊಡ್ಡ ಕುಟುಂಬ ಹೋಗುವಾಗ ಎಲ್ಲರ ಪಾಸ್‌ಪೋರ್ಟನ್ನು ಒಂದೇ ಚೀಲದಲ್ಲಿ ಇಡಬೇಡಿ. ವಯಸ್ಸಾದವರ ಕೊರಳಲ್ಲಿ ವಸತಿಗೃಹದ ಹೆಸರು, ನಂಬರು ಇರುವ ಚೀಟಿ ಅರಬಿಯಲ್ಲಿ ಬರೆದು ಹಾಕಿ. ನಮ್ಮ ಅಜ್ಜಿಯ ಉರ್ದು ಅಲ್ಲಿನ ಪೊಲೀಸರಿಗೆ ತಿಳಿಯಬೇಕಲ್ಲ!

ಹುಡುಗರಿಗೆ ಒಂದು ಮಾತು. ಥಾಯ್ಲೆಂಡ್ ತೋರಿಸುತ್ತೇವೆ, ಅಲ್ಲೇ ಕಂಪ್ಯೂಟರ್ ಕೆಲಸವನ್ನೂ ಕೊಡಿಸುತ್ತೇವೆ ಎಂದು ಪ್ರವಾಸಿ ವೀಸಾದ ಮೇಲೆ ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುವ ಜಾಲಗಳಿವೆ. 2022ರಿಂದ ನಮ್ಮ ವಿದೇಶಾಂಗ ಇಲಾಖೆ ಇದರ ಬಗ್ಗೆ ಎಚ್ಚರಿಸುತ್ತಲೇ ಇದೆ. ಪ್ರವಾಸಿ ವೀಸಾದಲ್ಲಿ ನೌಕರಿ ಎಂದ ಕೂಡಲೇ ಎದ್ದು ಬನ್ನಿ. ಸಿಕ್ಕಿಬಿದ್ದವರ ಮನೆಯವರು ಇಲಾಖೆಯ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಬಹುದು. ಜೆದ್ದಾ, ದುಬೈಗಳಲ್ಲಿ ನಮ್ಮ ಕಾನ್ಸುಲೇಟ್ ಕಚೇರಿಗಳಿವೆ.

ಪಾಸ್‌ಪೋರ್ಟ್ ತನ್ನಿರೆಂದು ಕರಪತ್ರದಲ್ಲಿ ಕೇಳಿದ್ದೆವು. ತಂದವರು ಚಹಾ ಕುಡಿದು ಪಕ್ಕದ ಕೋಣೆಗೆ ಬನ್ನಿ, ಹೆಸರು, ಅವಧಿ ಎರಡನ್ನೂ ಕೂತು ನೋಡೋಣ.