ಹುಕ್ಕೇರಿ ಪೇಟೆಯ ಕಿರಾಣಿ ಅಂಗಡಿ ಮತ್ತು ನಮ್ಮ ಹೋರಾಟ

ಕನ್ನಡದ ತರುಣ ಗೆಳೆಯರೇ,

ನಾಮಫಲಕದ ಹೋರಾಟದ ಬಿಸಿ ನಿಮ್ಮಲ್ಲಿ ಇನ್ನೂ ಆರಿಲ್ಲ. 2024ರ ತಿದ್ದುಪಡಿ ಕಾಯ್ದೆಯಂತೆ ಅಂಗಡಿಯ ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು. ಸಂತೋಷ. ಆದರೆ ಆ ಫಲಕದ ಕೆಳಗೆ, ಅಂಗಡಿಯ ಒಳಗೆ ಏನಿದೆ? ಅದಕ್ಕಾಗಿ ನಿಮ್ಮನ್ನು ನಮ್ಮ ಹುಕ್ಕೇರಿಯ ಪೇಟೆಗೆ ಕರೆದೊಯ್ಯುತ್ತೇನೆ.

ಹುಕ್ಕೇರಿ ಗಡಿ ಸೀಮೆಯ ತಾಲ್ಲೂಕು. ಇದೇ ತಾಲ್ಲೂಕಿನ ಸಂಕೇಶ್ವರ ದಾಟಿ ಹೋದರೆ ಗಡಹಿಂಗ್ಲಜ, ಅಂದರೆ ಮಹಾರಾಷ್ಟ್ರ. ಪೇಟೆಯ ಕಿರಾಣಿ ಅಂಗಡಿಯಲ್ಲಿ ಅಪ್ಪ ಗಲ್ಲೆಯ ಮುಂದೆ, ಮಗ ತಕ್ಕಡಿಯ ಮುಂದೆ. ಉದ್ರಿ ಬರೆಯುವುದು ಕನ್ನಡದಲ್ಲಿ. ದೀಪಾವಳಿಗೆ ಪೂಜೆಗೊಳ್ಳುವ ಹೊಸ ವಹಿಯೂ ಕನ್ನಡದ್ದೇ. ಮನೆಯಲ್ಲಿ ಮರಾಠಿ, ಉರ್ದು ಆಡುವವರೂ ಇಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಯಾವ ಸಂಘಟನೆಯೂ ಅವರಿಗೆ ಹೇಳಿಕೊಟ್ಟಿದ್ದಲ್ಲ!

ಮಟನ್ ಅಂಗಡಿಯಲ್ಲಂತೂ ಓದುವುದಕ್ಕೇ ಏನೂ ಇಲ್ಲ, ಎಲ್ಲ ಬಾಯಿಮಾತು. "ಹೋತಿನದೋ, ಕುರೀದೋ?" "ಎಲುಬ ಕಡಿಮಿ ಹಾಕಪಾ, ಕಲೀಜ ಒಂದೀಟ ಇರಲಿ." ಶ್ರಾವಣದಲ್ಲಿ ವ್ಯಾಪಾರ ಬಿದ್ದುಹೋದರೂ ಅಪ್ಪನಿಂದ ಮಗನಿಗೆ ಬಂದ ಕಸುಬು ನಿಂತಿಲ್ಲ. ನಿಮ್ಮ ನಗರದ ಫ್ರೀಜರಿನ ಪೊಟ್ಟಣದ ಮೇಲೆ 'ಕರಿ ಕಟ್' ಎಂದಿರುತ್ತದೆ. ಅದಕ್ಕೆ ಕನ್ನಡವೇನು ಎಂದು ನಾವು ಯಾರೂ ಕೇಳಲಿಲ್ಲ.

ಈಗ ಕಿರಾಣಿ ಅಂಗಡಿಗೇ ಮರಳೋಣ. ಮುದುಕಿಯೊಬ್ಬಳು ಬಿಸ್ಕೀಟಿನ ಪೊಟ್ಟಣ ಮುಂದೆ ಹಿಡಿಯುತ್ತಾಳೆ: "ತಾರೀಖ ಮುಗದೈತೇನ ನೋಡಪಾ." "ಇನ್ನೂ ಎರಡ ತಿಂಗಳ ಐತಿ, ಒಯ್ಯಬೇ ಯವ್ವಾ." ಆಕೆ ಓದು ಬಾರದವಳಲ್ಲ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಪೊಟ್ಟಣದ ಮೇಲೆ ಕನ್ನಡವಿಲ್ಲ, ಅಷ್ಟೇ.

ಇದು ತಯಾರಕರ ಉದಾಸೀನವೊಂದೇ ಅಲ್ಲ, ಕಾನೂನೇ ಹೀಗಿದೆ. ಕೇಂದ್ರದ 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಬೆಲೆ, ತೂಕ, ತಯಾರಿಕೆಯ ವಿವರ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆಯನ್ನು ಬೇಕಾದರೆ ಜೊತೆಗೆ ಸೇರಿಸಬಹುದು. ಆಹಾರ ಪೊಟ್ಟಣಗಳ 2020ರ ನಿಯಮದಲ್ಲೂ ಇದೇ ಪಾಡು. 'ಬೇಕಾದರೆ' ಅಂತೆ! ಯಾರಿಗೆ ಬೇಕಾದರೆ? ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ನಮ್ಮ ಸರ್ಕಾರ 2025ರಲ್ಲಿ ಆದೇಶಿಸಿತು. ಹೊರಗಿನಿಂದ ಬರುವ ಸರಕಿಗೆ ಅದು ತಟ್ಟುವುದಿಲ್ಲ.

ಇಷ್ಟು ದಿನ ಈ ಕೊರತೆಯನ್ನು ತುಂಬಿದವನು ಅಂಗಡಿಕಾರ. ಇರುವೆ ಪುಡಿ ಯಾವುದು, ಮಕ್ಕಳ ಹಾಲಿನ ಪುಡಿ ಯಾವುದು, ಎಷ್ಟು ಹಾಕಬೇಕು ಎಂದು ಓದಿ ಹೇಳಿದವನು ಅವನೇ. ಈಗ ಅವನ ಮಗ ಬೆಂಗಳೂರಿಗೆ, ಪುಣೆಗೆ ಕೆಲಸ ಹುಡುಕಿ ಹೋಗುತ್ತಿದ್ದಾನೆ. ಗಿರಾಕಿ ತಾನೇ ಎತ್ತಿಕೊಳ್ಳುವ ದೊಡ್ಡ ಅಂಗಡಿಯಲ್ಲಿ ಮುದುಕಿ ಯಾರನ್ನು ಕೇಳಬೇಕು?

ಗೆಳೆಯರೇ, ಇಂದು ಮನೆಗೆ ಹೋದವರೇ ಅಡುಗೆಮನೆಯ ಹತ್ತು ಖಾಲಿ ಪೊಟ್ಟಣ ತೆಗೆದಿಡಿ. ಕನ್ನಡವಿಲ್ಲದವನ್ನೆಲ್ಲ ಒಂದು ಲಕೋಟೆಗೆ ಹಾಕಿ, ಮೇಲೊಂದು ಕನ್ನಡದ ಪತ್ರವಿಟ್ಟು, ದೆಹಲಿಯ ಗ್ರಾಹಕ ವ್ಯವಹಾರಗಳ ಸಚಿವಾಲಯಕ್ಕೆ ಕಳಿಸಿ. ಹುಕ್ಕೇರಿಯಿಂದ ಮೊದಲ ಲಕೋಟೆ ನಾನೇ ಹಾಕುತ್ತೇನೆ.